ತಗಡಿನ ರೈಲು ಮತ್ತು ಒಂದು ಪೋಸ್ಟ್ ಕಾರ್ಡು

ನಮ್ಮ ಬಳಿ ಒಂದು ಹಳೆಯ ಪೋಸ್ಟ್ ಕಾರ್ಡ್ ಇದೆ. 1999ರ ಕೊನೆಯಲ್ಲಿ ಗದಗ ಜಿಲ್ಲೆಯ ಒಂದು ಹಳ್ಳಿಯಿಂದ ಬಂದದ್ದು. ಬರೆದವನು ಒಂಬತ್ತನೆಯ ತರಗತಿಯ ಹುಡುಗ. ಅಕ್ಷರ ದುಂಡಗಿದೆ, ಕಾಗುಣಿತದಲ್ಲಿ ತಪ್ಪಿಲ್ಲ. ಪತ್ರಿಕೆಯಲ್ಲಿ ನಿಮ್ಮ ಲೇಖನ ಓದಿದೆ, ಅದರಲ್ಲಿದ್ದ ಚಿತ್ರದ ಪ್ರಕಾರವೇ ತಗಡಿನ ರೈಲು ಮಾಡಿದೆ, ನೇರ ಹಳಿಯ ಮೇಲೆ ಚೆನ್ನಾಗಿ ಹೋಗುತ್ತದೆ, ತಿರುವು ಬಂದ ಕೂಡಲೇ ಬೀಳುತ್ತದೆ, ಎಣ್ಣೆ ಡಬ್ಬ ಕತ್ತರಿಸಿದ್ದಕ್ಕೆ ಅವ್ವನ ಕೈಲಿ ಬೈಸಿಕೊಂಡಿದ್ದೇನೆ, ನನ್ನ ತಪ್ಪು ಎಲ್ಲಿದೆ ದಯವಿಟ್ಟು ತಿಳಿಸಿ ಎಂಬುದು ಅದರ ಸಾರಾಂಶ.

ತಪ್ಪು ಅವನದಾಗಿರಲಿಲ್ಲ, ನಮ್ಮದಾಗಿತ್ತು. ಅದು ನಮಗೆ ಗೊತ್ತಾಗಲು ಒಂದು ದಿನ ಸಾಕಾಯಿತು. ಅವನಿಗೆ ಬರೆದು ತಿಳಿಸಲು ಮಾತ್ರ ಎರಡು ವರ್ಷ ಹಿಡಿಯಿತು.

ಸಾಯಗಾಂವ ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಊರು. ಮಹಾರಾಷ್ಟ್ರದ ಗಡಿ ಹತ್ತಿರದಲ್ಲೇ ಇದೆ. ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಆಡುವುದು ನಮ್ಮ ಕಡೆ ಯಾರಿಗೂ ವಿಶೇಷವಲ್ಲ. ನಮ್ಮೂರಿಗೆ ರೈಲಿಲ್ಲ. ನೋಡಬೇಕೆಂದರೆ ಭಾಲ್ಕಿಗೆ ಹೋಗಬೇಕು. ನಿಜಾಮರ ಕಾಲದಲ್ಲಿ ಹಾಕಿದ ವಿಕಾರಾಬಾದ್-ಪರಳಿ ಮಾರ್ಗ ಬೀದರ, ಭಾಲ್ಕಿ, ಕಮಲನಗರಗಳ ಮೇಲೆ ಹಾದು ಉದಗೀರದ ಕಡೆ ಹೋಗುತ್ತದೆ. ನಾವು ಮೂವರು ಗೆಳೆಯರು ಭಾಲ್ಕಿಯಲ್ಲಿ ಕಾಲೇಜು ಓದುತ್ತಿದ್ದ ಕಾಲದಲ್ಲಿ ಬಸ್ಸು ತಪ್ಪಿದರೆ ಸ್ಟೇಷನ್ನಿಗೆ ಹೋಗಿ ಕೂರುತ್ತಿದ್ದೆವು. ಬಸ್ಸು ಆಗಾಗ ತಪ್ಪುತ್ತಿತ್ತು.

ನಮ್ಮೂರಿನಲ್ಲಿ ತಗಡಿನ ಕೆಲಸ ಮಾಡುವ ಒಬ್ಬರು ಹಿರಿಯರಿದ್ದರು. ನಮ್ಮಲ್ಲೊಬ್ಬನಿಗೆ ಅವರು ಸ್ವಂತ ಚಾಚಾ. ಉಳಿದಿಬ್ಬರಲ್ಲಿ ಒಬ್ಬ ಲಿಂಗಾಯತರವನು, ಇನ್ನೊಬ್ಬ ಮರಾಠರವನು. ಅವರಿಬ್ಬರಿಗೂ ಅವರು ಚಾಚಾನೇ. ಚಿಮಣಿ, ಲಾಳಿಕೆ, ಹಿಟ್ಟಿನ ಡಬ್ಬ, ಧಾನ್ಯ ಅಳೆಯುವ ಮಾಪು, ಮಳೆಗಾಲಕ್ಕೆ ಮುಂಚೆ ಮಾಳಿಗೆಯ ದೋಣಿ, ಹೀಗೆ ಊರಿಗೆ ಬೇಕಾದ ತಗಡಿನ ವಸ್ತುಗಳೆಲ್ಲ ಅವರ ಕೈಯಿಂದಲೇ ಆಗುತ್ತಿದ್ದವು. ತೊಂಬತ್ತರ ದಶಕದಲ್ಲಿ ಪ್ಲಾಸ್ಟಿಕ್ಕಿನ ಡಬ್ಬ, ಬಕೆಟ್ಟುಗಳು ಸಂತೆಗೆ ಬಂದವು. ಲೈಟು ಬಂದ ಮನೆಗಳಲ್ಲಿ ಚಿಮಣಿ ಅಟ್ಟ ಸೇರಿತು. ಚಾಚಾನ ಕೈ ಖಾಲಿಯಾಯಿತು. ಖಾಲಿ ಕೂತ ಕೈ ರೈಲು ಮಾಡಲು ಶುರು ಮಾಡಿತು. ಮೊದಲು ಮೊಮ್ಮಗಳಿಗೆಂದು ಮಾಡಿದ್ದು. ಆಮೇಲೆ ಮೊಮ್ಮಗಳು ಮುಟ್ಟದಂತೆ ಮೇಲೆ ಎತ್ತಿಡತೊಡಗಿದರು. ಹವ್ಯಾಸ ಹತ್ತಿದ್ದು ಹೀಗೆ ಗೊತ್ತಾಗುತ್ತದೆ.

ಆ ರೈಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ 1999ರಲ್ಲಿ ನಾವು ಸರಿಯಾಗಿ ಹೇಳಲಿಲ್ಲ.

ಚಾಚಾನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಉರ್ದು ನಿಧಾನವಾಗಿ ಓದುತ್ತಿದ್ದರು. ಲೆಕ್ಕ ಮಾತ್ರ ಬಾಯಲ್ಲೇ. ಅವರ ಅಳತೆ ಇಂಚು ಮತ್ತು ಸೂತ್. ಬಡಗಿ, ಕಮ್ಮಾರರಿಗೆ ಇದು ಗೊತ್ತು. ಒಂದು ಇಂಚಿಗೆ ಎಂಟು ಸೂತ್. ಒಂದು ದಿನ ಭಾಲ್ಕಿಯಲ್ಲಿ ಹಳಿಯ ನಡುವಿನ ಅಂತರವನ್ನು ದಾರ ಹಿಡಿದು ಅಳೆದು ಬಂದರು. ಐದೂವರೆ ಅಡಿ. ಪ್ಲಾಟ್‌ಫಾರ್ಮಿನಲ್ಲಿ ನಿಂತ ಡಬ್ಬಿಯ ಉದ್ದವನ್ನು ಹೆಜ್ಜೆ ಹಾಕಿ ಅಳೆದರು. ಎಪ್ಪತ್ತು ಅಡಿ. ಮುಂದೆ ಪುಸ್ತಕ ನೋಡಿದಾಗ ನಮಗೆ ಆಶ್ಚರ್ಯವಾಯಿತು. ಚೆನ್ನೈನ ಪೆರಂಬೂರಿನಲ್ಲಿ 1955ರಲ್ಲಿ ಶುರುವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಡಬ್ಬಿಯ ಉದ್ದ, ಬಫರ್ ಬಿಟ್ಟು, 21.3 ಮೀಟರ್, ಅಂದರೆ ಸರಿಯಾಗಿ 70 ಅಡಿ. ಇಷ್ಟು ಅಳೆದು ಚಾಚಾ ಒಂದು ನಿಯಮ ಮಾಡಿಕೊಂಡರು: ಒಂದು ಅಡಿಗೆ ಒಂದು ಸೂತ್. ಡಬ್ಬಿ 70 ಸೂತ್, ಅಂದರೆ ಮುಕ್ಕಾಲು ಇಂಚು ಕೂಡಿ ಎಂಟು ಇಂಚು. ಚಕ್ರ ಮೂರು ಸೂತ್. ಹಳಿಯ ಅಂತರ ಐದೂವರೆ ಸೂತ್. ಡೀಸೆಲ್ ಇಂಜಿನ್ 56 ಸೂತ್, ಏಳು ಇಂಚು.

ಮೈಯೆಲ್ಲ ಹದಿನೈದು ಕಿಲೋ ಎಣ್ಣೆ ಡಬ್ಬದ ತಗಡು. ಹೊರಗೆ ಬಣ್ಣ ಬಳಿದಿದ್ದರೂ ಕಿಟಕಿಯೊಳಗೆ ಇಣುಕಿದರೆ ಶೇಂಗಾ ಎಣ್ಣೆಯ ಜಾಹೀರಾತು ಕಾಣುತ್ತಿತ್ತು. ಹಳಿಗೆ ಸೈಕಲ್ಲಿನ ಹಳೆಯ ಕಡ್ಡಿಗಳು. ನಾಲ್ಕು ಅಡಿ ಅಗಲದ ಒಂದು ಸುತ್ತಿಗೆ ಇಪ್ಪತ್ತೆಂಟು ಕಡ್ಡಿ ಬೇಕಾದವು. ಸೈಕಲ್ ಅಂಗಡಿಯವನು ಮೊದಲು ಪುಕ್ಕಟೆ ಕೊಟ್ಟ, ಕೆಲಸ ಏನೆಂದು ಗೊತ್ತಾದ ಮೇಲೆ ದುಡ್ಡು ಕೇಳಿದ. ಚಕ್ರಕ್ಕೆ ತಗಡಿನ ಸಣ್ಣ ಬಿಲ್ಲೆಗಳನ್ನು ಒಂದರ ಮೇಲೊಂದು ಬೆಸೆದು, ಒಳಬದಿಗೆ ಒಂದು ದೊಡ್ಡ ಬಿಲ್ಲೆ ಸೇರಿಸುತ್ತಿದ್ದರು. ಆ ಅಂಚೇ ಚಕ್ರವನ್ನು ಹಳಿಯ ಮೇಲೆ ಹಿಡಿಯುವುದು. ಇದ್ದಿಲಲ್ಲಿ ಕಾಯಿಸಿದ ಬೆಸುಗೆ ಕಡ್ಡಿಯನ್ನು ನವಸಾಗರದ ಮೇಲೆ ಉಜ್ಜಿದರೆ ಏಳುವ ಬಿಳಿ ಹೊಗೆಯ ವಾಸನೆ ನಮಗೆ ಈಗಲೂ ರೈಲಿನ ವಾಸನೆ ಎಂದೇ ಅನ್ನಿಸುತ್ತದೆ. ಇಂಜಿನ್ನಿಗೆ ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು, ಎರಡು ಪೆನ್ಸಿಲ್ ಸೆಲ್ಲು, ಒಂದು ರಬ್ಬರ್ ಬೆಲ್ಟು.

ಅದು ಓಡಿತು. ಇಂಜಿನ್ನೂ ಎರಡು ಡಬ್ಬಿಗಳೂ ಸುತ್ತು ಬಿಡದೆ ತಿರುಗಿದವು. ಸಂಜೆ ಚಾಚಾನ ಅಂಗಳದಲ್ಲಿ ಜನ ಸೇರುತ್ತಿದ್ದರು.

ಈಗ ನಮ್ಮ ಪಾತ್ರ. ನಮ್ಮಲ್ಲೊಬ್ಬನಿಗೆ ಕನ್ನಡದ ಪತ್ರಿಕೆಗಳಿಗೆ ವಾಚಕರ ಪತ್ರ ಬರೆಯುವ ಅಭ್ಯಾಸವಿತ್ತು. ಇದನ್ನು ಲೇಖನ ಮಾಡೋಣ ಎಂದ. ಕನ್ನಡದಲ್ಲಿ ರೈಲು ಮಾದರಿಗಳಿಗೆಂದೇ ಪತ್ರಿಕೆ ಎಲ್ಲಿಂದ ಬರಬೇಕು? ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದಂಥ ವಿಜ್ಞಾನ ಪತ್ರಿಕೆಗಳಿದ್ದವು, ವಾರಪತ್ರಿಕೆಗಳಲ್ಲಿ ಮಾಡಿ ನೋಡುವ ಪುಟಗಳಿರುತ್ತಿದ್ದವು. ನಾವು ಅಂಥ ಒಂದು ಪುಟಕ್ಕೆ ಕಳಿಸಿದೆವು. ಯಾವುದೆಂದು ಹೇಳುವುದು ಬೇಡ, ಅವರದೇನೂ ತಪ್ಪಿಲ್ಲ. ಮೂವರೂ ಕೂತು ಬರೆದೆವು. ಒಬ್ಬ ಬರೆದ, ಒಬ್ಬ ಚಿತ್ರ ಬಿಡಿಸಿದ, ಒಬ್ಬ ಪ್ರತಿ ಮಾಡಿದ. ಭಾಲ್ಕಿಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆವು. ಲೇಖನದ ಮೇಲೆ ನಮ್ಮ ಮೂವರ ಹೆಸರು. ಕೊನೆಯ ವಾಕ್ಯ ಇನ್ನೂ ನೆನಪಿದೆ: ಈ ಮಾದರಿಯನ್ನು ಊರಿನ ಒಬ್ಬ ಕುಶಲಕರ್ಮಿಯ ಸಹಾಯದಿಂದ ತಯಾರಿಸಲಾಗಿದೆ. ಸಹಾಯ! ಬೆಸುಗೆ ಕಡ್ಡಿ ಹಿಡಿದರೆ ಕೈ ಸುಟ್ಟುಕೊಳ್ಳುತ್ತಿದ್ದ ನಾವು ಬರೆದ ಮಾತು ಇದು. ಸಂಪಾದಕರು ಸೇರಿಸಿದ್ದಲ್ಲ, ನಾವೇ ಯೋಚಿಸಿ ಬರೆದದ್ದು.

ಅಚ್ಚಾಯಿತು. ನೂರು ರೂಪಾಯಿ ಮನಿ ಆರ್ಡರ್ ಬಂತು. ಭಾಲ್ಕಿಯಲ್ಲಿ ಭಜಿ ತಿಂದು, ಚಹಾ ಕುಡಿದು, ಚಾಚಾನಿಗೆ ಒಂದು ಪೊಟ್ಟಣ ಜಿಲೇಬಿ ತಂದೆವು. ಪತ್ರಿಕೆ ಕೊಟ್ಟೆವು. ಅವರು ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಚಲೋ ಬಂದದ" ಎಂದರು. ಮೇಲಿದ್ದ ಮೂರು ಹೆಸರುಗಳ ಮೇಲೆ ಬೆರಳಿಟ್ಟು, "ಇದೇನು?" ಎಂದು ಕೇಳಿದರು. "ಹೆಸರು" ಎಂದೆವು. ಯಾರ ಹೆಸರು ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ತಿಂಗಳೊಳಗೆ ಪೋಸ್ಟ್ ಕಾರ್ಡ್ ಬಂತು. ಅದನ್ನು ಚಾಚಾನಿಗೆ ಓದಿ ಹೇಳಿದೆವು. ಅವರಿಗೆ ತುಂಬ ಖುಷಿಯಾಯಿತು. ಎಲ್ಲಿಯದೋ ಹುಡುಗ ತಗಡು ಕತ್ತರಿಸಿದ್ದಾನೆ ಎಂಬುದೇ ದೊಡ್ಡ ಸುದ್ದಿ. ಆಮೇಲೆ, "ತಿರುವಿನಾಗ ಬೀಳ್ತದಾ? ಯಾಕ ಬೀಳ್ತದ? ರಿವೆಟ್ ಢೀಲಾ ಇಡಬೇಕಂತ ಬರ್ದಿಲ್ಲೇನು?" ಎಂದರು.

ನಾವು ಮನೆಗೆ ಹೋಗಿ ಲೇಖನ ತೆಗೆದು ನೋಡಿದೆವು. 'ಚಕ್ರಗಳ ಚೌಕಟ್ಟನ್ನು ಬೋಗಿಯ ಅಡಿಗೆ ಭದ್ರವಾಗಿ ರಿವೆಟ್ ಮಾಡಬೇಕು' ಎಂದಿತ್ತು. ಭದ್ರವಾಗಿ! ಆ ಮಾತನ್ನು ಚಾಚಾ ಹೇಳಿರಲಿಲ್ಲ. ವಾಕ್ಯ ಚೆನ್ನಾಗಿ ಕೇಳಲಿ ಎಂದು ನಾವು ಹಾಕಿದ್ದು. ರೈಲು ಅಂದ ಮೇಲೆ ಎಲ್ಲವೂ ಭದ್ರವಾಗಿಯೇ ಇರಬೇಕಲ್ಲವೇ ಎಂಬ ಭಾವನೆ ನಮ್ಮದು.

ಇಲ್ಲಿ ಒಂದು ಭಾಷೆಯ ಎಡವಟ್ಟೂ ಇದೆ. ನಾವೆಲ್ಲ ಜನ ಕೂರುವ ಡಬ್ಬಿಗೇ 'ಬೋಗಿ' ಅನ್ನುತ್ತೇವೆ. ರೈಲ್ವೆಯವರ ಭಾಷೆಯಲ್ಲಿ ಬೋಗಿ ಅಂದರೆ ಡಬ್ಬಿಯಲ್ಲ, ಡಬ್ಬಿಯ ಕೆಳಗೆ ಎರಡೂ ತುದಿಗೆ ಇರುವ, ನಾಲ್ಕು ನಾಲ್ಕು ಚಕ್ರಗಳ ಚೌಕಟ್ಟು. ಉದ್ದನೆಯ ಡಬ್ಬಿ ತಿರುವಿನಲ್ಲಿ ಬಾಗಲಾರದು. ಅದರ ಕೆಳಗಿನ ಎರಡು ಬೋಗಿಗಳು ತಮ್ಮ ತಮ್ಮ ನಡುಗಂಬದ ಮೇಲೆ ತಿರುಗಿ ಹಳಿಯ ದಾರಿ ಹಿಡಿಯುತ್ತವೆ, ಡಬ್ಬಿ ಅವುಗಳ ಮೇಲೆ ಸವಾರಿ ಮಾಡುತ್ತದೆ. ಚಾಚಾ ಅವುಗಳನ್ನು 'ಪಾಂವ್' ಅನ್ನುತ್ತಿದ್ದರು, ಕಾಲು. ಅವರಿಗೆ ಅದಕ್ಕೊಂದು ಹೆಸರಿತ್ತು, ಆದ್ದರಿಂದ ಅದು ಕಾಣುತ್ತಿತ್ತು. ನಮ್ಮ ಬಳಿ ಹೆಸರಿರಲಿಲ್ಲ, ಆದ್ದರಿಂದ ಕಾಣಲೂ ಇಲ್ಲ. ಅದನ್ನು ಡಬ್ಬಿಗೆ ಬಿಗಿದುಬಿಟ್ಟರೆ ಎಂಟೂ ಚಕ್ರ ಒಂದೇ ನೇರದಲ್ಲಿ ನಿಲ್ಲುತ್ತವೆ. ತಿರುವಿನಲ್ಲಿ ಬೀಳದೆ ಏನು ಮಾಡುತ್ತವೆ?

ಅದರಲ್ಲೂ ಆಟದ ಹಳಿಯ ತಿರುವು ನಿಜವಾದ ತಿರುವಿಗಿಂತ ಬಹಳ ತೀಕ್ಷ್ಣ. ನಮ್ಮ ಬ್ರಾಡ್ ಗೇಜ್ ಮಾರ್ಗದಲ್ಲಿ ಅತಿ ತೀಕ್ಷ್ಣ ತಿರುವಿನ ತ್ರಿಜ್ಯ 175 ಮೀಟರ್. ಚಾಚಾನ ಅಳತೆಗೆ ಇಳಿಸಿದರೆ ಸುಮಾರು ಆರು ಅಡಿ ತ್ರಿಜ್ಯ, ಅಂದರೆ ಹನ್ನೆರಡು ಅಡಿ ಅಗಲದ ಸುತ್ತು. ಅಷ್ಟು ಅಂಗಳ ಯಾರಿಗಿದೆ? ನಾವು ನಾಲ್ಕು ಅಡಿಯ ಸುತ್ತಿನಲ್ಲೇ ಓಡಿಸುತ್ತಿದ್ದೆವು. ಆದ್ದರಿಂದಲೇ ಪಾಂವ್ ಇನ್ನೂ ಸಡಿಲ ಇರಬೇಕಿತ್ತು.

ಇಷ್ಟು ತಿಳಿದ ಮೇಲಾದರೂ ಆ ಹುಡುಗನಿಗೆ ಎರಡು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಬರೆದರೆ ಲೇಖನ ತಪ್ಪೆಂದು ಒಪ್ಪಬೇಕು. ಲೇಖನ ತಪ್ಪಾದದ್ದೇಕೆ ಎಂದರೆ ರೈಲು ಮಾಡಿದವರು ನಾವಲ್ಲ ಎಂದು ಹೇಳಬೇಕು. ಪರೀಕ್ಷೆ ಮುಗಿಯಲಿ ಎಂದೆವು. ಪರೀಕ್ಷೆ ಮುಗಿಯಿತು, ಮತ್ತೇನೋ ಬಂತು.

2001ರಲ್ಲಿ ಹೈದರಾಬಾದಿಗೆ ಹೋಗಿದ್ದೆವು. ಅಬಿಡ್ಸ್‌ನಲ್ಲಿ ಭಾನುವಾರ ಅಂಗಡಿಗಳು ಮುಚ್ಚಿದಾಗ ಫುಟ್‌ಪಾತಿನ ಮೇಲೆ ಹಳೆ ಪುಸ್ತಕಗಳ ಸಂತೆ ಸೇರುತ್ತದೆ. ಬೀದರಿನ ಕಡೆಯ ಅದೆಷ್ಟು ಹುಡುಗರು ಅಲ್ಲಿಯ ಪುಸ್ತಕಗಳಿಂದ ಓದಿ ಮುಂದೆ ಬಂದಿದ್ದಾರೋ! ಅಲ್ಲಿ ಪರೀಕ್ಷೆಯ ಗೈಡ್ ಹುಡುಕುತ್ತಿದ್ದ ನಮಗೆ ಕಟ್ಟು ಕಟ್ಟಿದ ನಾಲ್ಕು ಇಂಗ್ಲಿಷ್ ಪತ್ರಿಕೆಗಳು ಸಿಕ್ಕವು. ಎರಡು ಇಂಗ್ಲೆಂಡಿನ 'ರೈಲ್ವೆ ಮಾಡೆಲರ್', ಎರಡು ಅಮೆರಿಕದ 'ಮಾಡೆಲ್ ರೈಲ್‌ರೋಡರ್'. ಬರೀ ಆಟಿಕೆ ರೈಲಿಗಾಗಿ ಒಂದು ಮಾಸಿಕ! ಅಮೆರಿಕದ್ದನ್ನು ಆಲ್ ಕಾಲ್ಂಬಾಕ್ ಎಂಬವರು ಮಿಲ್ವಾಕಿಯಲ್ಲಿ 1934ರ ಜನವರಿಯಲ್ಲಿ ಆರಂಭಿಸಿದ್ದು. ಇಂಗ್ಲೆಂಡಿನದು 1949ರಿಂದ ಬರುತ್ತಿದೆ.

ನಮ್ಮನ್ನು ತಡೆದು ನಿಲ್ಲಿಸಿದ್ದು ಚಿತ್ರಗಳಲ್ಲ, ಲೇಖಕರು. ಹೆಚ್ಚಿನ ಲೇಖನ ಬರೆದವರು ಪತ್ರಕರ್ತರಲ್ಲ. ಗುಮಾಸ್ತ, ಮೇಷ್ಟ್ರು, ವೈದ್ಯ, ಬಸ್ ಚಾಲಕ. ಮಾಡಿದವನೇ ಬರೆದಿದ್ದಾನೆ. ಬರವಣಿಗೆ ಅಂಥ ಸೊಗಸಿನದಲ್ಲ. ಆದರೆ ಯಾವ ಅಂಟು, ಯಾವ ತಂತಿ, ಎಷ್ಟು ದಪ್ಪ, ಮೊದಲ ಸಲ ಹೇಗೆ ಮಾಡಿದೆ, ಹೇಗೆ ಕೆಟ್ಟಿತು, ಎರಡನೆಯ ಸಲ ಏನು ಬದಲಿಸಿದೆ ಎಂಬುದೆಲ್ಲ ಇದೆ. ಕೆಟ್ಟಿದ್ದನ್ನು ಬರೆಯಲು ಅವರಿಗೆ ನಾಚಿಕೆ ಇಲ್ಲ. ಓದುಗನೂ ಮಾಡುವವನೇ, ನಾಳೆ ಅವನ ಕೈಯಲ್ಲೂ ಅದು ಕೆಡುತ್ತದೆ ಎಂದು ಅವರಿಗೆ ಗೊತ್ತು.

ಅಂಥವರಲ್ಲಿ ಇಬ್ಬರ ಬಗ್ಗೆ ಆಮೇಲೆ ಹುಡುಕಿ ಓದಿಕೊಂಡೆವು. ಒಬ್ಬರು ಪೀಟರ್ ಡೆನ್ನಿ, ಇಂಗ್ಲೆಂಡಿನ ಪಾದ್ರಿ. ಪಾದ್ರಿಗಳಿಗೂ ರೈಲಿಗೂ ಆ ದೇಶದಲ್ಲಿ ಏನೋ ನಂಟು. ಡೆನ್ನಿ 1940ರ ದಶಕದಿಂದ 'ಬಕಿಂಗ್‌ಹ್ಯಾಮ್' ಎಂಬ ಪುಟ್ಟ ರೈಲು ಮಾರ್ಗವನ್ನು ಕಟ್ಟುತ್ತಾ, ಅದರ ಬಗ್ಗೆ 'ರೈಲ್ವೆ ಮಾಡೆಲರ್'ನಲ್ಲಿ ವರ್ಷಾನುಗಟ್ಟಲೆ ಬರೆದರು. ಅಂಗಡಿಯಲ್ಲಿ ಸಿಗುವ ಹಳಿ ಅಳತೆಗೆ ಕಿರಿದು ಎಂದು 18 ಮಿಲಿಮೀಟರಿನ ಹಳಿಯನ್ನು ತಾವೇ ಮಾಡಿಕೊಂಡರು. ಒಂದು ಸ್ಟೇಷನ್ನನ್ನು ಅವರ ಮಗ ಕ್ರಿಸ್ಪಿನ್ ನೋಡಿಕೊಳ್ಳುತ್ತಿದ್ದ. ಮಗ ದೊಡ್ಡವನಾಗಿ ಮನೆ ಬಿಟ್ಟು ಹೋದಾಗ, ಅವನ ಬದಲು ಗಂಟೆ ಬಾರಿಸಿ ರೈಲು ಬಿಡುವ ಒಂದು ಯಂತ್ರ ಮಾಡಿ ಅದಕ್ಕೆ 'ಆಟೋಮ್ಯಾಟಿಕ್ ಕ್ರಿಸ್ಪಿನ್' ಎಂದು ಹೆಸರಿಟ್ಟರು. ನಕ್ಕು ಬಿಡಬಹುದಾದ ವಿಷಯ. ಮಕ್ಕಳು ದುಬೈಗೂ ಬೆಂಗಳೂರಿಗೂ ಹೋದ ಮನೆಗಳಿರುವ ಊರಿನವರು ನಾವು, ಪೂರ್ತಿ ನಗಲಾಗಲಿಲ್ಲ. ಡೆನ್ನಿ 2009ರಲ್ಲಿ ತೀರಿಕೊಂಡರು. ಅವರ ಮಾರ್ಗವನ್ನು ಇನ್ನೊಬ್ಬ ಹವ್ಯಾಸಿ ಜೋಪಾನ ಮಾಡಿ ಓಡಿಸುತ್ತಾ ಬಂದಿದ್ದಾರೆ.

ಇನ್ನೊಬ್ಬರು ಕ್ಯಾಲಿಫೋರ್ನಿಯಾದ ಜಾನ್ ಅಲೆನ್. ವೃತ್ತಿಯಿಂದ ಫೋಟೋಗ್ರಾಫರ್. ಮನೆಯ ನೆಲಮಾಳಿಗೆಯಲ್ಲಿ ಬೆಟ್ಟ, ಕಣಿವೆ, ಸೇತುವೆಗಳನ್ನೇ ಕಟ್ಟಿದರು. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಎಲ್ಲವೂ ಹೋಯಿತು. ಈಗ ಉಳಿದಿರುವುದು ಪತ್ರಿಕೆಗಳಲ್ಲಿ ಅವರು ಬರೆದದ್ದು, ಅವರು ತೆಗೆದ ಚಿತ್ರಗಳು, ಮತ್ತು 'ಮಾಡೆಲ್ ರೈಲ್‌ರೋಡರ್'ನ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಅವುಗಳನ್ನೆಲ್ಲ ಆಧರಿಸಿ ಬರೆದು 1981ರಲ್ಲಿ ಹೊರಬಂದ ಪುಸ್ತಕ.

ಮಾಡುವವರೇ ಬರೆಯಬೇಕು ಎಂಬ ಮಾತು ಕನ್ನಡಕ್ಕೆ ಹೊಸದಲ್ಲ. ದಕ್ಷಿಣ ಕನ್ನಡದ ಪುತ್ತೂರಿನಿಂದ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ಇದನ್ನೇ ಮಾಡಿ ತೋರಿಸಿದೆ. ಶ್ರೀಪಡ್ರೆ ಮತ್ತು ಅವರ ಬಳಗ 'ಕೃಷಿಕರ ಕೈಗೆ ಲೇಖನಿ' ಎಂದು ಶಿಬಿರಗಳನ್ನೇ ನಡೆಸಿ ರೈತರಿಂದ ಬರೆಸಿದರು. ತೋಟದವನು ತನ್ನ ತೋಟದ ಬಗ್ಗೆ ತಾನೇ ಬರೆದಾಗ, ಹನಿ ನೀರಾವರಿಯ ಪೈಪು ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಬಿಟ್ಟು ಬರೆಯುವುದಿಲ್ಲ. ಹೊರಗಿನಿಂದ ಬಂದು ಬರೆದವನು 'ಭದ್ರವಾಗಿ' ಎಂದು ಬರೆದು ಬಿಡುತ್ತಾನೆ.

ಆ ನಾಲ್ಕು ಪತ್ರಿಕೆ ಓದಿ ಮುಗಿಸಿದ ವಾರವೇ ಗದಗದ ಹುಡುಗನಿಗೆ ಪತ್ರ ಬರೆದೆವು. ಉತ್ತರ ಬರಲಿಲ್ಲ. ಅವನು ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟಿರಬಹುದು.

ಆ ಪತ್ರಿಕೆಗಳಿಂದ ಇನ್ನೊಂದು ವಿಷಯವೂ ತಿಳಿಯಿತು. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಹಳಿಯ ಅಂತರ 16.5 ಮಿಲಿಮೀಟರ್. ಅದು ವಿದೇಶದ ನಾಲ್ಕು ಅಡಿ ಎಂಟೂವರೆ ಇಂಚಿನ ಹಳಿಗೆ ಹೊಂದಿಸಿ ಮಾಡಿದ್ದು. ನಮ್ಮ ದೇಶದ ರೈಲು ಐದೂವರೆ ಅಡಿಯದು. 87ರಲ್ಲಿ ಒಂದು ಪಾಲಿನ ಎಚ್‌ಓ ಅಳತೆಯಲ್ಲಿ ಭಾರತದ ಡಬ್ಬಿ ಮಾಡಿ ಆ ಹಳಿಯ ಮೇಲಿಟ್ಟರೆ, 19 ಮಿಲಿಮೀಟರಿಗೂ ಹೆಚ್ಚು ಬೇಕಾದಲ್ಲಿ 16.5 ಮಾತ್ರ ಇರುತ್ತದೆ. ದಪ್ಪ ಮನುಷ್ಯ ಕಾಲು ಕೂಡಿಸಿ ನಿಂತಂತೆ. ಭಾರತದ ಹವ್ಯಾಸಿಗಳಿಗೆಲ್ಲ ಇದೊಂದು ತಲೆನೋವು. ಆದರೆ ಇಂಗ್ಲೆಂಡಿನಲ್ಲಿ ಕೆಲವರು ಒಂದು ಅಡಿಗೆ ಮೂರು ಮಿಲಿಮೀಟರ್ ಎಂಬ ಅಳತೆಯನ್ನೂ ಇಟ್ಟುಕೊಂಡಿದ್ದಾರೆ. ಐದೂವರೆಯನ್ನು ಮೂರರಿಂದ ಗುಣಿಸಿ ನೋಡಿ: ಹದಿನಾರೂವರೆ! ಅಂಗಡಿಯಲ್ಲಿ ಸಿಗುವ ಹಳಿಯೇ ನಮ್ಮ ಬ್ರಾಡ್ ಗೇಜ್ ಆಗಿಬಿಡುತ್ತದೆ. ಇದನ್ನು ಚಾಚಾನಿಗೆ ಹೇಳಲು ಓಡಿದೆವು. ಅವರು ಲೆಕ್ಕ ಹಾಕಿ, "ಮೂರು ಮಿಲಿಮೀಟರ್ ಅಂದ್ರ ಒಂದ್ ಸೂತ್ ಅಲ್ಲೇನು, ಸ್ವಲ್ಪ ಕಡಿಮಿ" ಎಂದರು. ಒಂದು ಸೂತ್ 3.175 ಮಿಲಿಮೀಟರ್. ನಾವು ಹೈದರಾಬಾದಿನಿಂದ ಹೊತ್ತು ತಂದದ್ದು ಹೆಚ್ಚುಕಡಿಮೆ ಅವರು ದಾರ ಹಿಡಿದು ಮಾಡಿಕೊಂಡ ಅಳತೆಯೇ.

ಈ ಸಲ ಸರಿಯಾಗಿ ಮಾಡೋಣ ಎಂದು 2002ರಲ್ಲಿ ಚಾಚಾನ ಹೆಸರಿನಲ್ಲೇ ಇಂಗ್ಲಿಷ್ ಲೇಖನ ಬರೆದೆವು. ಅವರು ಹೇಳಿದರು, ನಾವು ಬರೆದೆವು, ಬರೆದದ್ದನ್ನು ಮತ್ತೆ ಅವರಿಗೆ ದಖ್ಖನಿಯಲ್ಲಿ ಓದಿ ಹೇಳಿ ಒಪ್ಪಿಗೆ ಪಡೆದೆವು. ವಿದೇಶದ ಒಂದು ಹವ್ಯಾಸಿ ಪತ್ರಿಕೆಗೆ ಕಳಿಸಿದೆವು. ನಾಲ್ಕು ತಿಂಗಳ ಮೇಲೆ ಸಂಪಾದಕರ ಪತ್ರ ಬಂತು, ಚಾಚಾನ ಹೆಸರಿಗೆ, 'ಮಿಸ್ಟರ್' ಹಚ್ಚಿ. ಪೋಸ್ಟ್‌ಮನ್ ಅದನ್ನು ಕೊಡುವ ಮೊದಲು ಅರ್ಧ ಊರಿಗೆ ತೋರಿಸಿದ್ದ. ವಿಷಯ ಇಷ್ಟವಾಗಿದೆ, ಆದರೆ ಚಿತ್ರಗಳು ಅಚ್ಚಿಗೆ ಸಾಲವು. ಡಬ್ಬಿಯನ್ನು ತಲೆಕೆಳಗು ಮಾಡಿ ಬೋಗಿಯ ರಿವೆಟ್ ಕಾಣುವಂತೆ ಒಂದು ಸ್ಪಷ್ಟ ಚಿತ್ರ ಬೇಕು, ಎಷ್ಟು ತ್ರಿಜ್ಯದ ತಿರುವಿನವರೆಗೆ ಅದು ಬೀಳದೆ ಹೋಗುತ್ತದೆ ಎಂದೂ ತಿಳಿಸಬೇಕು. ಎಷ್ಟೋ ಸಾವಿರ ಮೈಲಿ ದೂರ ಕೂತ ಮನುಷ್ಯ ನೇರವಾಗಿ ಆ ರಿವೆಟ್ಟಿನ ಮೇಲೆಯೇ ಬೆರಳಿಟ್ಟಿದ್ದ! ಚಾಚಾ ಪತ್ರ ಕೇಳಿ, "ಈ ಮನಷ್ಯಾ ಕೆಲಸ ಬಲ್ಲಂವ" ಎಂದರು.

ಆ ಚಿತ್ರ ನಮಗೆ ತೆಗೆಸಲಾಗಲಿಲ್ಲ. ಸ್ಟುಡಿಯೋದವರು ಮದುವೆ, ಪಾಸ್‌ಪೋರ್ಟ್ ಅಳತೆಯ ಮುಖಗಳಿಗೆ ಒಗ್ಗಿದವರು. ಒಂದು ಸೂತ್ ಗಾತ್ರದ ರಿವೆಟ್ಟಿನ ಹತ್ತಿರ ಹೋದರೆ ಎಲ್ಲ ಮಸುಕು. ಎರಡು ರೋಲು ಹಾಳಾದವು. ಅಷ್ಟರಲ್ಲಿ ನಮ್ಮಲ್ಲೊಬ್ಬನಿಗೆ ಹೈದರಾಬಾದಿನಲ್ಲಿ, ಇನ್ನೊಬ್ಬನಿಗೆ ಕಲಬುರಗಿಯಲ್ಲಿ ಕೆಲಸ ಸಿಕ್ಕಿತು. ಲೇಖನ ಪೆಟ್ಟಿಗೆಯಲ್ಲಿ ಉಳಿಯಿತು. ಈಗಿನ ಮಕ್ಕಳ ಕೈಯಲ್ಲಿರುವ ಫೋನಿನಲ್ಲಿ ಆ ಚಿತ್ರ ಅರೆಕ್ಷಣದ ಕೆಲಸ ಎಂದು ನೆನೆದಾಗ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ.

2004ರಲ್ಲಿ ಚಾಚಾನನ್ನು ಪುಣೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಕೋಥ್ರೂಡಿನಲ್ಲಿ ಭಾವು ಜೋಶಿ ಎಂಬವರು ತಮ್ಮ ಜೀವಮಾನದ ಹವ್ಯಾಸವನ್ನೇ ಕಿರು ರೈಲುಗಳ ವಸ್ತುಸಂಗ್ರಹಾಲಯವನ್ನಾಗಿ ಮಾಡಿ 1998ರಲ್ಲಿ ಜನರಿಗೆ ತೆರೆದಿದ್ದರು. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋದ ಚಾಚಾ ಅಲ್ಲಿ ದೀಪ ಹತ್ತಿದ ಪುಟ್ಟ ನಗರವನ್ನು ನೋಡಲಿಲ್ಲ, ಸಿಗ್ನಲ್ ನೋಡಲಿಲ್ಲ. ಹಳಿ ತಿರುಗುವ ಮೂಲೆ ಹುಡುಕಿ, ಮೊಣಕಾಲೂರಿ, ಹಳಿಯ ಮಟ್ಟಕ್ಕೆ ಕಣ್ಣಿಟ್ಟು ಕೂತರು. ಉದ್ದನೆಯ ಡಬ್ಬಿಗಳು ಬಂದವು. ತಿರುವಿನಲ್ಲಿ ಡಬ್ಬಿಯ ನಡು ಒಳಗೆ ಸರಿದು, ತುದಿಗಳು ಹೊರಗೆ ಚಾಚಿ, ಕೆಳಗಿನ ಕಾಲುಗಳು ತಮ್ಮಷ್ಟಕ್ಕೆ ತಿರುಗಿದವು. ಚಾಚಾ ನಮ್ಮ ಕಡೆ ತಿರುಗಿ, "ಇವರೂ ಢೀಲಾನೇ ಇಟ್ಟಾರ" ಎಂದರು. ಬೇರೆ ಮಕ್ಕಳು ರೈಲು ನೋಡುವುದು ಬಿಟ್ಟು ಅವರನ್ನು ನೋಡುತ್ತಿದ್ದರು.

ಬರುವಾಗ ಬಸ್ಸಿನಲ್ಲಿ ನಮ್ಮಲ್ಲೊಬ್ಬ, ಅಂದು ಪತ್ರಿಕೆಯಲ್ಲಿ ನಿಮ್ಮ ಹೆಸರು ಹಾಕಲಿಲ್ಲ ಚಾಚಾ, ತಪ್ಪಾಯಿತು ಎಂದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ಇರ್ಲಿ. ಆ ಹುಡುಗನ ಡಬ್ಬಾ ವೇಸ್ಟ್ ಆಯ್ತಲ್ಲ" ಎಂದರು. ಬೀದರಿನವರಿಗೆ ಹೆಸರಿಲ್ಲದ ಕೆಲಸ ಹೊಸದಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಬಿದರಿಯ ಹುಕ್ಕಾ, ಹೂಜಿಗಳಿವೆ. ಅಂಥ ಹಳೆಯ ವಸ್ತುಗಳಲ್ಲಿ ಹೆಚ್ಚಿನವುಗಳ ಮೇಲೆ ಊರಿನ ಹೆಸರಿರುತ್ತದೆ, ಶತಮಾನವಿರುತ್ತದೆ, ಬೆಳ್ಳಿಯ ತಂತಿ ಕೂರಿಸಿದವನ ಹೆಸರಿರುವುದಿಲ್ಲ. 2023ರಲ್ಲಿ ಬಿದರಿ ಕಲೆಯ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಮಗೆ ಚಾಚಾ ನೆನಪಾದರು. ಅಷ್ಟರಲ್ಲಿ ಅವರು ಹೋಗಿ ಹನ್ನೆರಡು ವರ್ಷವಾಗಿತ್ತು.

ರೈಲು ಈಗ ಅವರ ಮೊಮ್ಮಗಳ ಮನೆಯಲ್ಲಿದೆ. ಒಂದು ಡಬ್ಬಿಗೆ ತುಕ್ಕು ಹಿಡಿದಿದೆ, ಮೋಟಾರು ಸತ್ತಿದೆ. ಕೈಯಿಂದ ತಳ್ಳಿದರೆ ಸುತ್ತಿನಲ್ಲಿ ಇನ್ನೂ ಬೀಳದೆ ಹೋಗುತ್ತದೆ. ಗದಗದ ಆ ಹುಡುಗನಿಗೆ ಈಗ ನಲವತ್ತರ ಆಸುಪಾಸು. ಅವನು ಈ ಪತ್ರಿಕೆ ಓದುತ್ತಾನೋ ಇಲ್ಲವೋ. ಅವನ ಹಾಗೆ ಆ ಚಿತ್ರ ನೋಡಿ ತಗಡು ಕತ್ತರಿಸಿ, ಪತ್ರ ಬರೆಯದೆ ಸುಮ್ಮನಾದವರು ಬೇರೆಯವರೂ ಇರಬಹುದು. ಆದ್ದರಿಂದ 2002ರ ಕಾಗದದಲ್ಲಿ ಚಾಚಾ ಹೇಳಿ ಬರೆಸಿದ್ದನ್ನು, 'ಭದ್ರವಾಗಿ' ಎಂಬ ಮಾತು ತೆಗೆದು, ಇಲ್ಲಿ ಕೊಡುತ್ತಿದ್ದೇವೆ.

ಡಬ್ಬಿಯ ಅಡಿ ತಗಡಿನಲ್ಲಿ, ಎರಡೂ ತುದಿಯಿಂದ ಹನ್ನೊಂದು ಸೂತ್ ಒಳಗೆ, ಅಗಲದ ಸರಿ ನಡುವೆ ಒಂದೊಂದು ತೂತು. ತೂತು ರಿವೆಟ್ಟಿನ ಕಾಲಿಗಿಂತ ಸ್ವಲ್ಪ ದೊಡ್ಡದಿರಲಿ. ತಗಡಿಗೂ ಪಾಂವ್‌ಗೂ ನಡುವೆ ಒಂದು ವಾಷರ್, ಅದರ ಜೊತೆಗೆ ಬೆಂಕಿಪೊಟ್ಟಣದ ರಟ್ಟಿನ ಒಂದು ತುಂಡು. ರಿವೆಟ್ ಹಾಕಿ ಸಣ್ಣ ಸುತ್ತಿಗೆಯಿಂದ ಬಡಿಯಬೇಕು. ಬಡಿದ ಮೇಲೆ ರಟ್ಟನ್ನು ಎಳೆದು ತೆಗೆಯಬೇಕು. ಆಗ ಅಷ್ಟು ಜಾಗ ಉಳಿಯುತ್ತದೆ. ಪಾಂವ್‌ಗೆ ಬೆರಳು ತಾಗಿಸಿದರೆ ತಿರುಗಬೇಕು. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಕಟಕಟ ಸದ್ದು ಬರಬೇಕು. ಸದ್ದು ಬರದಿದ್ದರೆ ಬಿಗಿಯಾಗಿದೆ ಎಂದರ್ಥ, ರಿವೆಟ್ ಕಡಿದು ತೆಗೆದು ಇನ್ನೊಂದು ಹಾಕಬೇಕು.